ಒಂದು ಕರೆ, ಮೂರು ಕೆಲಸ: ಆನ್ಸಿಬಲ್ ಹ್ಯಾಂಡ್ಲರ್‌ಗಳ ಗುಂಪುಗಾರಿಕೆ

ಕಾನ್ಫಿಗರೇಶನ್ ಫೈಲ್ ಬದಲಾದರಷ್ಟೇ ಸರ್ವರ್ ರೀಲೋಡ್ ಆಗಬೇಕು, ಇಲ್ಲದಿದ್ದರೆ ಅದರ ತಂಟೆಗೆ ಹೋಗಬಾರದು. ಸರ್ವರ್‌ಗಳನ್ನು ತಾನಾಗಿ ಸಜ್ಜುಗೊಳಿಸುವ ಸಾಧನವಾದ ಆನ್ಸಿಬಲ್‌ನಲ್ಲಿ ಈ ಹೊಣೆ ಹ್ಯಾಂಡ್ಲರ್‌ನದು, ಅಂದರೆ ಕರೆದಾಗ ಮಾತ್ರ ಓಡುವ ಟಾಸ್ಕ್‌ನದು. ಟಾಸ್ಕ್ (ಮಾಡಬೇಕಾದ ಒಂದೊಂದು ಹೆಜ್ಜೆ) ‘ಚೇಂಜ್ಡ್’, ಅಂದರೆ ಏನೋ ಬದಲಾಯಿತು, ಎಂದರೆ ಮಾತ್ರ ಅದರ ‘ನೋಟಿಫೈ’ ಹ್ಯಾಂಡ್ಲರನ್ನು ಕರೆಯುತ್ತದೆ. ಹತ್ತು ಟಾಸ್ಕ್ ಕರೆದರೂ ಅದು ಓಡುವುದು ಒಂದೇ ಸಲ, ಉಳಿದ ಟಾಸ್ಕ್‌ಗಳು ಮುಗಿದ ಮೇಲೆ.

ಒಂದು ಬದಲಾವಣೆಗೆ ಮೂರು ಕೆಲಸ ಬೇಕಾದಾಗ ತೊಡಕು. ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಕಾನ್ಫಿಗರೇಶನ್ ಫೈಲನ್ನು ಪರೀಕ್ಷಿಸಬೇಕು, ರೀಲೋಡ್ ಮಾಡಬೇಕು, 443ನೇ ಪೋರ್ಟ್ ಓಗೊಡುತ್ತಿದೆಯೇ ನೋಡಬೇಕು. ಮೂರನ್ನೂ ‘ಬ್ಲಾಕ್’ (ಟಾಸ್ಕ್‌ಗಳ ಗುಂಪು) ಒಳಗಿಟ್ಟು ಹ್ಯಾಂಡ್ಲರ್ ಮಾಡಹೊರಟರೆ ಆನ್ಸಿಬಲ್ ಒಪ್ಪುವುದಿಲ್ಲ, ಎರರ್ ಕೊಟ್ಟು ನಿಲ್ಲುತ್ತದೆ.

ಒಂದು ಹ್ಯಾಂಡ್ಲರ್ ಇನ್ನೊಂದನ್ನು ಕರೆಯುವ ಸರಪಳಿಯೂ ಉಂಟು, ಆದರೆ ಅದು ಸದ್ದಿಲ್ಲದೆ ಕಡಿಯುತ್ತದೆ. ಪರೀಕ್ಷೆ ಏನನ್ನೂ ಬದಲಿಸುವುದಿಲ್ಲವಲ್ಲ ಎಂದು ಅದಕ್ಕೆ ‘ಚೇಂಜ್ಡ್’ ಎನ್ನದಂತೆ ತಡೆಯುವ ‘ಚೇಂಜ್ಡ್_ವೆನ್: ಫಾಲ್ಸ್’ ಹಾಕಿದಿರೋ, ರೀಲೋಡ್‌ಗೆ ಕರೆ ಹೋಗುವುದೇ ಇಲ್ಲ. ಎರರ್ ಕೂಡ ಬರದು.

2.2ನೇ ಆವೃತ್ತಿಯಲ್ಲಿ ಬಂದ ‘ಲಿಸನ್’ ಇದಕ್ಕಿಂತ ಲೇಸು. ಮೂರೂ ಹ್ಯಾಂಡ್ಲರ್‌ಗಳಿಗೆ ಒಂದೇ ಲಿಸನ್ ಹೆಸರು ಕೊಟ್ಟು ಆ ಹೆಸರನ್ನೇ ನೋಟಿಫೈ ಮಾಡಿದರೆ ಮೂರೂ ಏಳುತ್ತವೆ. ಓಡುವುದು ಮಾತ್ರ ಹ್ಯಾಂಡ್ಲರ್ ವಿಭಾಗದಲ್ಲಿ ಬರೆದ ಕ್ರಮದಲ್ಲಿ, ಕರೆದ ಕ್ರಮದಲ್ಲಲ್ಲ. ರೀಲೋಡನ್ನು ಪರೀಕ್ಷೆಗಿಂತ ಮೇಲೆ ಬರೆದಿದ್ದರೆ ರೀಲೋಡೇ ಮೊದಲು.

ಕೆಲಸಗಳು ಐದಾರಾದರೆ ಬೇರೆ ಫೈಲಿಗೆ ಸಾಗಿಸಿ, ಹ್ಯಾಂಡ್ಲರ್‌ನಲ್ಲಿ ‘ಇನ್‌ಕ್ಲೂಡ್_ಟಾಸ್ಕ್ಸ್’ ಇಟ್ಟು, ಆ ಇನ್‌ಕ್ಲೂಡ್‌ನ ಹೆಸರನ್ನು ನೋಟಿಫೈ ಮಾಡಬೇಕು. ಒಳಗಿನ ಟಾಸ್ಕ್‌ಗಳೆಲ್ಲ ಸಾಲಾಗಿ ಓಡುತ್ತವೆ. ‘ಇಂಪೋರ್ಟ್_ಟಾಸ್ಕ್ಸ್’ ಇದಕ್ಕೆ ತದ್ವಿರುದ್ಧ: ಅಲ್ಲಿ ಹೊರಗಿನ ಹೆಸರು ಮಾಯವಾಗಿ, ಒಳಗಿನ ಒಂದೊಂದನ್ನೂ ಹೆಸರು ಹಿಡಿದು ಕರೆಯಬೇಕಾಗುತ್ತದೆ.

ಪರೀಕ್ಷೆಯನ್ನು ಹ್ಯಾಂಡ್ಲರ್‌ನಲ್ಲಿ ಇಡುವುದೇ ತಡವಾಯಿತು ಅನ್ನಬೇಕು. ಅಷ್ಟರಲ್ಲಿ ಕೆಟ್ಟ ಫೈಲ್ ಡಿಸ್ಕ್ ಸೇರಿರುತ್ತದೆ. ಎಂಜಿನ್‌ಎಕ್ಸ್‌ನ ಮುಖ್ಯ ಫೈಲಾದರೆ ಅದನ್ನು ಬರೆಯುವ ಟೆಂಪ್ಲೇಟ್ ಟಾಸ್ಕಿನ ‘ವ್ಯಾಲಿಡೇಟ್’ನಲ್ಲೇ ಪರೀಕ್ಷಿಸಬಹುದು, ಸೋತರೆ ಹಳೆಯ ಫೈಲ್ ಹಾಗೇ ಉಳಿಯುತ್ತದೆ.

ಇನ್ನೊಂದು ಗುಂಡಿಗೆ ಪಳಗಿದವರೂ ಬೀಳುತ್ತಾರೆ. ನೋಟಿಫೈ ಆದ ಮೇಲೆ, ಹ್ಯಾಂಡ್ಲರ್ ಓಡುವ ಮೊದಲು ಬೇರಾವುದೋ ಟಾಸ್ಕ್ ಸೋತರೆ ಆ ಸರ್ವರ್‌ನಲ್ಲಿ ಹ್ಯಾಂಡ್ಲರ್ ಓಡುವುದಿಲ್ಲ. ಮರುಸಲ ಫೈಲ್ ಆಗಲೇ ಹೊಸದಾಗಿರುವುದರಿಂದ ಟಾಸ್ಕ್ ‘ಓಕೆ’ ಎನ್ನುತ್ತದೆ, ಕರೆಯೇ ಹೋಗದು. ಡಿಸ್ಕಿನಲ್ಲಿ ಹೊಸ ಕಾನ್ಫಿಗರೇಶನ್, ಮೆಮೊರಿಯಲ್ಲಿ ಹಳೆಯದು. ಟಾಸ್ಕ್ ಸೋತರೂ ಹ್ಯಾಂಡ್ಲರ್ ಓಡಿಸುವ ‘ಫೋರ್ಸ್_ಹ್ಯಾಂಡ್ಲರ್ಸ್: ಟ್ರೂ’ ಹಾಕಿ, ಇಲ್ಲವೇ ನೋಟಿಫೈ ಮಾಡಿದ ಟಾಸ್ಕಿನ ಬೆನ್ನಿಗೇ ‘ಮೆಟಾ: ಫ್ಲಶ್_ಹ್ಯಾಂಡ್ಲರ್ಸ್’ ಬರೆದು ಆಗಲೇ ಓಡಿಸಿಬಿಡಿ.