ತಿಳಿಸಲು ನಿರ್ದೇಶಿಸಲ್ಪಟ್ಟಿದ್ದೇನೆ

ಸರ್ಕಾರಿ ಪತ್ರ ಓದಿದವರಿಗೆಲ್ಲ ಈ ಮಾತು ಗೊತ್ತು: ‘ತಮಗೆ ತಿಳಿಸಲು ನಿರ್ದೇಶಿಸಲ್ಪಟ್ಟಿದ್ದೇನೆ.’ ನಿರ್ದೇಶಿಸಿದ್ದು ಯಾರು ಅಂತ ಪತ್ರ ಬಾಯಿ ಬಿಡುವುದಿಲ್ಲ. ಸಹಿ ಮಾತ್ರ ನಮ್ಮಂಥವರದ್ದು. ಆಪ್ತ ಕಾರ್ಯದರ್ಶಿಯಾಗಿ ಇಂಥ ಕರಡುಗಳನ್ನು ಬರೆದೇ ಸರ್ವೀಸು ಕಳೆದವನು ನಾನು. ಒಮ್ಮೆ ಸಾಹೇಬರು ‘ಆಗೋದಿಲ್ಲ ಅಂತ ಬರೀರಿ’ ಅಂದರು, ಬರೆದೆ. ಪತ್ರ ತಲುಪಿದವರು ಬಂದು ಬೈದದ್ದು ನನಗೆ. ಸಾಹೇಬರು ಅವರಿಗೆ ಕಾಫಿ ತರಿಸಿ ಕೊಟ್ಟರು!

ಈ ಕಸುಬಿನಲ್ಲಿ ಪಳಗಿದ ಕೈ ಅಂದರೆ ಲಂಡನ್ನಿನ ಅರಮನೆಯ ಆರ್ಥರ್ ಬಿಗ್, ಮುಂದೆ ಲಾರ್ಡ್ ಸ್ಟಾಮ್‌ಫರ್ಡಮ್ ಆದವರು. 1849ರಲ್ಲಿ ಹುಟ್ಟಿದ ಪಾದ್ರಿಯ ಮಗ. ಫಿರಂಗಿ ದಳ ಸೇರಿ ದಕ್ಷಿಣ ಆಫ್ರಿಕಾದ ಜೂಲು ಯುದ್ಧಕ್ಕೆ ಹೋದರು. ಅದೇ ಯುದ್ಧದಲ್ಲಿ, 1879ರಲ್ಲಿ, ಅವರ ಗೆಳೆಯ, ಫ್ರಾನ್ಸಿನ ಮಾಜಿ ಚಕ್ರವರ್ತಿಯ ಮಗ ಸತ್ತ. ಮಗ ಬಿದ್ದ ಜಾಗ ನೋಡಬೇಕೆಂದು ತಾಯಿ ಯೂಜೀನಿ ಹೊರಟಾಗ ಬಿಗ್ ಜೊತೆಗೆ ಹೋದರು. ವಿಕ್ಟೋರಿಯಾ ರಾಣಿಗೆ ಹುಡುಗ ಹಿಡಿಸಿದ. 1880ರಲ್ಲಿ ಸಹಾಯಕ, 1895ರಲ್ಲಿ ರಾಣಿಯ ಆಪ್ತ ಕಾರ್ಯದರ್ಶಿ. ರಾಣಿ ತೀರಿಕೊಂಡ ಮೇಲೆ ಮೊಮ್ಮಗ ಜಾರ್ಜ್ ಬಳಿ ಕೆಲಸ. ಜಾರ್ಜ್ ರಾಜನಾದ ಮೇಲೂ ಅಲ್ಲೇ. 1931ರಲ್ಲಿ ಸಾಯುವಾಗಲೂ ಹುದ್ದೆಯಲ್ಲೇ ಇದ್ದರು, ವಯಸ್ಸು 81.

ನನಗೆ ಜಾಸ್ತಿ ನೆನಪಾಗುವುದು 1917. ರಷ್ಯಾದ ತ್ಸಾರ್ ಎರಡನೇ ನಿಕೊಲಸ್ ಪಟ್ಟ ಬಿಟ್ಟಿದ್ದರು. ಜಾರ್ಜ್‌ಗೆ ಸ್ವಂತ ಚಿಕ್ಕಮ್ಮನ ಮಗ, ನೋಡಲೂ ಅವಳಿಯಂತೆ. ಬ್ರಿಟಿಷ್ ಸರ್ಕಾರ ಆಶ್ರಯ ಕೊಡಲು ಒಪ್ಪಿತು. ಆಮೇಲೆ ರಾಜನಿಗೆ ದಿಗಿಲಾಯಿತು: ಜನ ತಿರುಗಿಬಿದ್ದರೆ ತನ್ನ ಸಿಂಹಾಸನದ ಗತಿ? ಏಪ್ರಿಲ್ 6ರಂದು ಸ್ಟಾಮ್‌ಫರ್ಡಮ್ ವಿದೇಶಾಂಗ ಮಂತ್ರಿ ಬಾಲ್ಫೋರ್‌ಗೆ ಒಂದೇ ದಿನ ಎರಡು ಪತ್ರ ಬರೆದರು. ಎರಡನೆಯದು ಇನ್ನೂ ಖಾರ. ಜ್ಞಾಪನ ಪತ್ರ ನಾವೂ ಬರೆಯುತ್ತೇವೆ, ವಾರ ಬಿಟ್ಟು. ಅದೇ ದಿನ ಬರೆಯಬೇಕಾದರೆ ಒಳಗಿನ ಕೋಣೆಯಲ್ಲಿ ಯಾರೋ ಶತಪಥ ಹಾಕುತ್ತಿರಬೇಕು, ಅಲ್ವಾ?

ಆಶ್ರಯದ ಮಾತು ಅಲ್ಲಿಗೆ ಬಿದ್ದುಹೋಯಿತು. 1918ರ ಜುಲೈ 17ರಂದು ತ್ಸಾರ್ ಕುಟುಂಬವನ್ನು ಗುಂಡಿಟ್ಟು ಕೊಂದರು. ಹಲವು ದಶಕ ಜನ ದೂರಿದ್ದು ಪ್ರಧಾನಿ ಲಾಯ್ಡ್ ಜಾರ್ಜ್ ಅವರನ್ನು.

ಅದಕ್ಕೆ ಸರಿಯಾಗಿ ಒಂದು ವರ್ಷ ಹಿಂದೆ, 1917ರ ಜುಲೈ 17ರಂದು, ರಾಜಮನೆತನ ತನ್ನ ಹೆಸರನ್ನು ವಿಂಡ್ಸರ್ ಎಂದು ಬದಲಿಸಿಕೊಂಡಿತ್ತು. ಹಳೆಯ ಜರ್ಮನ್ ಹೆಸರಿನಲ್ಲಿ ‘ಗೋಥಾ’ ಇತ್ತು, ಆಗಿನ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬು ಹಾಕುತ್ತಿದ್ದ ಜರ್ಮನ್ ವಿಮಾನದ ಹೆಸರೂ ಗೋಥಾ. ಕೋಟೆಯ ಹೆಸರನ್ನೇ ಇಟ್ಟುಕೊಳ್ಳಿ ಅಂತ ಸೂಚಿಸಿದ್ದು ಸ್ಟಾಮ್‌ಫರ್ಡಮ್.

1923ರಲ್ಲಿ ಕರ್ಜನ್ ಸರದಿ. ಬಂಗಾಳ ಒಡೆದ ಅದೇ ಕರ್ಜನ್. ಸ್ಟಾಮ್‌ಫರ್ಡಮ್ ಕಳಿಸಿದ ತಂತಿ ಕೈಗೆ ಬಂತು. ಪ್ರಧಾನಿ ಪಟ್ಟ ತನಗೇ ಅಂದುಕೊಂಡು ಲಂಡನ್ನಿಗೆ ಬಂದರು. ಅವರ ಮನೆಗೆ ಹೋಗಿ, ಪ್ರಧಾನಿ ಪಟ್ಟ ಬಾಲ್ಡ್ವಿನ್‌ಗೆ ಅಂತ ಹೇಳಿದ್ದು 73ರ ಸ್ಟಾಮ್‌ಫರ್ಡಮ್. ಕರ್ಜನ್ ಅತ್ತೇಬಿಟ್ಟರಂತೆ. ಆರಿಸಿದ ರಾಜ ಆ ಕೋಣೆಯಲ್ಲಿ ಇರಲಿಲ್ಲ.