ಸೀಲ್ ಕೋಟ್: ಡಾಂಬರಿನ ಮೇಲೆ ಮಳೆ, ತೇವ, ಬಿಸಿಲಿನ ಲೆಕ್ಕ

ಡಾಂಬರು ಹಾಸಿನ ಮೇಲೆ, ಮಳೆನೀರು ಒಳಗಿಳಿಯದಂತೆ ಹಾಕುವ ತೆಳು ಪದರಕ್ಕೆ ಸೀಲ್ ಕೋಟ್ ಎನ್ನುತ್ತಾರೆ. ಇದರಿಂದ ರಸ್ತೆಗೆ ಬಲ ಬರುವುದಿಲ್ಲ, ಕುಸಿದ ತಳ ಮೇಲೇಳುವುದಿಲ್ಲ, ತಗ್ಗು ಮುಚ್ಚುವುದಿಲ್ಲ. ಮೇಲ್ಮೈಯ ಸಣ್ಣ ರಂಧ್ರಗಳನ್ನು ಮುಚ್ಚಿ, ಒಣಗಿ ಪೆಡಸಾದ ಡಾಂಬರಿಗೆ ಹೊಸ ಹೊದಿಕೆ ಕೊಡುವುದಷ್ಟೇ ಇದರ ಕೆಲಸ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಎರೆಭೂಮಿಯಲ್ಲಿ ಇಷ್ಟೇ ಕೆಲಸಕ್ಕೂ ಬಹಳ ಬೆಲೆಯಿದೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಅದರ ಜೊತೆಗೇ ಸೀಳುತ್ತದೆ.

ಆದರೆ ಮುಚ್ಚಳ ಎರಡೂ ಕಡೆಯಿಂದ ಮುಚ್ಚುತ್ತದೆ ಎಂಬುದನ್ನು ಮರೆಯಬಾರದು. ಮೇಲಿನ ನೀರು ಕೆಳಗಿಳಿಯದ ಹಾಗೆಯೇ ಕೆಳಗಿನ ತೇವವೂ ಮೇಲೆ ಬರಲಾರದು. ಹಸಿ ಹಾಸಿನ ಮೇಲೆ ಸೀಲ್ ಮಾಡಿದರೆ ಬಿಸಿಲೇರಿದಾಗ ಒಳಗಿನ ನೀರು ಆವಿಯಾಗಿ ಪದರವನ್ನು ಮೇಲಕ್ಕೆ ಒತ್ತುತ್ತದೆ, ಗುಳ್ಳೆ ಏಳುತ್ತದೆ. ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದೆ ನಡೆಯುತ್ತದೆ. ಖಡಿಯ (ಜಲ್ಲಿಕಲ್ಲಿನ) ಮೈಗೆ ಡಾಂಬರಿಗಿಂತ ನೀರು ಹೆಚ್ಚು ಸುಲಭವಾಗಿ ಅಂಟುತ್ತದೆ. ಸಿಕ್ಕಿಬಿದ್ದ ನೀರು, ವಾಹನದ ಒತ್ತಡ ಬಿದ್ದಾಗಲೆಲ್ಲ, ಖಡಿ ಮತ್ತು ಡಾಂಬರಿನ ನಡುವೆ ನುಸುಳಿ ಅಂಟು ಬಿಡಿಸುತ್ತದೆ. ಇದಕ್ಕೆ ಸ್ಟ್ರಿಪ್ಪಿಂಗ್ ಎಂದು ಹೆಸರು. ಹಾಗೆ ಕೆಟ್ಟ ಜಾಗದಿಂದ ಒಂದು ತುಂಡು ಕಿತ್ತು ನೋಡಿ: ಮೇಲೆ ಕಪ್ಪಗೆ ಗಟ್ಟಿಯಾಗಿರುತ್ತದೆ, ಕೆಳಗಿನ ಖಡಿ ತೊಳೆದಿಟ್ಟಂತೆ ಬೆಳ್ಳಗೆ, ಕೈಗೆ ಬಿಡಿಬಿಡಿಯಾಗಿ ಬರುತ್ತದೆ. ಗ್ರಾನೈಟ್, ಬೆಣಚುಕಲ್ಲಿನ ಖಡಿಯಲ್ಲಿ ಈ ಅಪಾಯ ಹೆಚ್ಚು. ಹೊಸ ಕ್ವಾರಿಯ ಖಡಿಯಾದರೆ ಡಾಂಬರು ಬಳಿದು 40 ಡಿಗ್ರಿ ನೀರಿನಲ್ಲಿ 24 ತಾಸು ಮುಳುಗಿಸಿಡುವ ಪರೀಕ್ಷೆ ಮಾಡಿಸಬೇಕು. ಮೈಮೇಲಿನ ಡಾಂಬರು ಶೇ. 95ರಷ್ಟಾದರೂ ಉಳಿಯಬೇಕು.

ಸೀಲ್ ಮಾಡುವ ಬಗೆ ಎರಡು, ತೇವದ ಲೆಕ್ಕವೂ ಎರಡು.

ಮೊದಲನೆಯದು ಬಿಸಿ ಡಾಂಬರಿನದು. ಕೇಂದ್ರ ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಯ ಪ್ರಕಾರ ‘ಎ’ ಮಾದರಿಗೆ 10 ಚದರ ಮೀಟರಿಗೆ 9.8 ಕೆ.ಜಿ. ಡಾಂಬರು ಸಿಂಪಡಿಸಿ, ಅದರ ಮೇಲೆ 0.09 ಘನ ಮೀಟರ್ ಸಣ್ಣ ಖಡಿ ಹರಡಿ ರೋಲರ್ ಹೊಡೆಯಬೇಕು. ‘ಬಿ’ ಮಾದರಿಯಲ್ಲಿ 6.8 ಕೆ.ಜಿ. ಡಾಂಬರನ್ನು 0.06 ಘನ ಮೀಟರ್ ಸಣ್ಣ ಖಡಿಯೊಂದಿಗೆ ಮೊದಲೇ ಕಲಸಿ ಹರಡುತ್ತಾರೆ. ಎರಡಕ್ಕೂ ಮೇಲ್ಮೈ ಪೂರ್ತಿ ಒಣಗಿರಬೇಕು; 150 ಡಿಗ್ರಿ ಮುಟ್ಟಿದ ಡಾಂಬರು ಹಸಿ ಜಾಗಕ್ಕೆ ಬಿದ್ದರೆ ಬುರುಗೆದ್ದು ನಿಲ್ಲುತ್ತದೆ, ಹಿಡಿಯುವುದಿಲ್ಲ. ರಸ್ತೆ ಒಣಗಿದ್ದರೂ ಖಡಿ ಮೋಸ ಮಾಡುವುದುಂಟು. ರಾಶಿಯ ಮೇಲ್ಭಾಗ ಬೆಳ್ಳಗೆ ಒಣಗಿರುತ್ತದೆ, ಮೊಣಕೈ ಆಳಕ್ಕೆ ಕೈ ಹಾಕಿದರೆ ತಣ್ಣಗೆ ಒದ್ದೆ. ರಾಶಿಯನ್ನು ಹಿಂದಿನ ದಿನವೇ ಕೆದರಿ ಬಿಸಿಲಿಗೆ ಹಾಕಬೇಕು. ಖಡಿಗೆ ಅದರ ತೂಕದ ಶೇ. 0.75ರಿಂದ 1ರಷ್ಟು ಡಾಂಬರನ್ನು ಮುಂಚೆಯೇ ಸವರಿಟ್ಟರೆ ಧೂಳು, ತೇವ ಎರಡರ ಕಾಟವೂ ತಗ್ಗುತ್ತದೆ. ಖರ್ಚು ತುಸು ಹೆಚ್ಚಾದರೂ ಇದನ್ನು ಬಿಡಬಾರದೆಂಬುದು ನಮ್ಮ ಖಚಿತ ಸಲಹೆ.

ಎರಡನೆಯದು ಎಮಲ್ಷನ್. ನೀರಿನಲ್ಲಿ ಡಾಂಬರಿನ ಸೂಕ್ಷ್ಮ ಹನಿಗಳು ತೇಲುವ ಕಂದು ದ್ರವ ಇದು. ಖಡಿಯ ಮೈ ತಾಗಿ ಹನಿಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ನೀರು ಬೇರೆಯಾಗಿ ಆರಿಹೋಗುತ್ತದೆ, ಬಣ್ಣ ಕಂದಿನಿಂದ ಕಪ್ಪಿಗೆ ತಿರುಗುತ್ತದೆ. ಇದನ್ನೇ ಎಮಲ್ಷನ್ ‘ಒಡೆಯಿತು’ ಎನ್ನುವುದು. ಆರಬೇಕಾದ ನೀರು ಎಷ್ಟು ಗೊತ್ತೇ? ಶೇ. 60 ಡಾಂಬರಿರುವ ಎಮಲ್ಷನ್ನನ್ನು ಚದರ ಮೀಟರಿಗೆ ಅರ್ಧ ಲೀಟರಿನಂತೆ 1,000 ಚದರ ಮೀಟರಿನ ಅಂಗಳಕ್ಕೆ ಹೊಡೆದರೆ ಸುಮಾರು 200 ಲೀಟರ್ ನೀರು ಗಾಳಿಗೆ ಹೋಗಬೇಕು. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಗಾಳಿಯೇ ತೇವದಿಂದ ತುಂಬಿರುವಾಗ ಆ ನೀರು ಎಲ್ಲಿಗೆ ಹೋದೀತು? ಮಳೆ ಬೀಳದಿದ್ದರೂ ಪದರ ಸಂಜೆಯವರೆಗೂ ಕಂದಾಗಿಯೇ, ಮೆತ್ತಗೇ ಉಳಿಯುತ್ತದೆ.

ಹಾಗೆಂದು ಬಿಸಿಲು ಹೆಚ್ಚಾದಷ್ಟೂ ಒಳ್ಳೆಯದೆಂದೂ ಅಲ್ಲ. ಏಪ್ರಿಲ್–ಮೇ ಮಧ್ಯಾಹ್ನ ಕಪ್ಪು ಹಾಸು 60 ಡಿಗ್ರಿ ಹತ್ತಿರ ಕಾದಿರುತ್ತದೆ. ಆಗ ಎಮಲ್ಷನ್ನಿನ ಮೇಲ್ಭಾಗ ಮಾತ್ರ ಬೇಗ ಒಡೆದು ಕೆನೆ ಕಟ್ಟುತ್ತದೆ, ಕೆಳಗೆ ನೀರು ಉಳಿಯುತ್ತದೆ. ಮೇಲೆ ಲಾರಿ ತಿರುಗಿದರೆ ಕೆನೆ ಸಿಪ್ಪೆಯಂತೆ ಎದ್ದು ಬರುತ್ತದೆ. ಅಂಥ ದಿನ ಎಮಲ್ಷನ್ ಹೊಡೆಯುವ ಮೊದಲು ನೀರು ಚಿಮುಕಿಸಿ ಹಾಸನ್ನು ತಣಿಸುವುದು ಸರಿಯಾದ ಕ್ರಮ. ಎಲ್ಲಿಯೂ ನೀರು ನಿಲ್ಲಬಾರದು, ಅಷ್ಟೇ. ಬಿಸಿ ಡಾಂಬರಿಗೆ ಹೀಗೆ ಮಾಡಿದರೆ ಕೆಲಸವೇ ಕೆಡುತ್ತದೆ. ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಿ ಹಾಳಾದ ಅಂಗಳಗಳು ಬಹಳ.

ಡಾಂಬರು ಕಾಮಗಾರಿಗೆ ಸಚಿವಾಲಯ ಹಾಕಿರುವ ಗೆರೆ ಸ್ಪಷ್ಟ: ಮಳೆ, ಮಂಜು, ಧೂಳಿನ ಗಾಳಿ ಇದ್ದಾಗ, ತಳ ಒದ್ದೆಯಿದ್ದಾಗ, ಉಷ್ಣತೆ 10 ಡಿಗ್ರಿಗಿಂತ (ಪಾಲಿಮರ್ ಅಥವಾ ರಬ್ಬರ್ ಬೆರೆಸಿ ಮಾರ್ಪಡಿಸಿದ ಡಾಂಬರಾದರೆ 15 ಡಿಗ್ರಿಗಿಂತ) ಕಡಿಮೆಯಿದ್ದಾಗ, ಗಾಳಿ ಗಂಟೆಗೆ 40 ಕಿ.ಮೀ. ಮೀರಿದಾಗ ಕೆಲಸ ನಿಲ್ಲಿಸಬೇಕು. ನಮ್ಮ ಭಾಗದಲ್ಲಿ ಥಂಡಿ ಅಷ್ಟಾಗಿ ಅಡ್ಡಬರುವುದಿಲ್ಲ. ಗಾಳಿಯ ಮಾತು ಬೇರೆ. ಗಾಳಿಯಂತ್ರಗಳು ನಿಂತಿರುವ ಕಪ್ಪತಗುಡ್ಡದ ಸುತ್ತ ಸಿಂಪರಣೆ ಒಂದೇ ಬದಿಗೆ ಹಾರಿ, ಪಟ್ಟೆಪಟ್ಟೆಯಾಗಿ ಬೀಳುತ್ತದೆ.

ಹುಬ್ಬಳ್ಳಿ, ಗದಗ, ಹಾವೇರಿಗೆ ಒಳ್ಳೆಯ ಕಾಲವೆಂದರೆ ಹಿಂಗಾರು ನಿಂತು ಹಾಸು ಎರಡು-ಮೂರು ವಾರ ಒಣಗಿದ ಮೇಲೆ, ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಡಿಸೆಂಬರ್–ಜನವರಿಯಲ್ಲಿ ಇಬ್ಬನಿ ಆರಲು ಬಿಟ್ಟು 10 ಗಂಟೆಗೆ ಶುರು ಮಾಡಿ, ಮಧ್ಯಾಹ್ನ 2–3ಕ್ಕೆ ಮುಗಿಸಬೇಕು. ರಾತ್ರಿಯ ಇಬ್ಬನಿ ಬೀಳುವ ಮೊದಲು ಎಮಲ್ಷನ್ ಒಡೆದಿರಬೇಕು. ಏಪ್ರಿಲ್–ಮೇನಲ್ಲಿ ಮಾಡಲೇಬೇಕಾದರೆ ಬೆಳಿಗ್ಗೆ 7ರಿಂದ 11ರೊಳಗೆ, ಏಕೆಂದರೆ ಅಡ್ಡಮಳೆ ಬರುವುದು ಹೆಚ್ಚಾಗಿ ಸಂಜೆಗೆ. ಮಿರಗದ (ಮೃಗಶಿರಾ) ಮಳೆಗೆ ಮುಂಚೆ ಮುಗಿಸೋಣವೆಂದು ಮೇ ಕೊನೆಯಲ್ಲಿ ಅವಸರ ಮಾಡುವುದಕ್ಕಿಂತ ಆ ವರ್ಷ ಬಿರುಕುಗಳನ್ನಷ್ಟೇ ತುಂಬಿ, ಗಟಾರ ಸ್ವಚ್ಛ ಮಾಡಿ ಬಿಡುವುದು ಲೇಸು.

ತೇವ ನೋಡಲು ಯಂತ್ರ ಬೇಡ. ಅರ್ಧ ಮೀಟರ್ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹಾಸಿನ ಮೇಲೆ ಹರಡಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಬಿಸಿಲಿನಲ್ಲಿ ಎರಡು ತಾಸು ಬಿಡಿ. ಒಳಮೈಗೆ ಹನಿ ಕಟ್ಟಿದರೆ ಇನ್ನೂ ಕಾಯಬೇಕು. ಹಾಳೆಯನ್ನು ಬಯಲಿನ ನಡುವೆ ಹಾಕಿದರೆ ಸಾಲದು; ನೆರಳು ಬೀಳುವ ಗೋಡೆಯಂಚು, ನೀರಿನ ಟ್ಯಾಂಕಿನ ಬುಡ, ಗಟಾರದ ಪಕ್ಕ ಹಾಕಿ ನೋಡಿ. ಕೊನೆಗೆ ಒಣಗುವುದು ಅವೇ.

ಕೆಲಸದ ನಡುವೆ ಮಳೆ ಬಂದರೆ ಸಿಂಪರಣೆ ತಕ್ಷಣ ನಿಲ್ಲಿಸಿ, ವಾಹನ ಬಿಡಬೇಡಿ, ಕಂದು ನೀರು ಗಟಾರಕ್ಕೆ ಹರಿಯದಂತೆ ಉಸುಕಿನ ಒಡ್ಡು ಹಾಕಿ. ಪೂರ್ತಿ ಒಣಗಿದ ಮೇಲೆ ಗುಡಿಸಿ, ಬೋಳಾದ ಜಾಗಕ್ಕೆ ಮಾತ್ರ ತೆಳುವಾಗಿ ಮತ್ತೆ ಹೊಡೆಯಿರಿ. ಎಲ್ಲ ಕಡೆ ಇನ್ನೊಂದು ಪದರ ಬಳಿದರೆ ಬೇಸಿಗೆಯಲ್ಲಿ ಡಾಂಬರು ಮೇಲೆ ತೇಲಿ ಜಾರುತ್ತದೆ. ಬಿಸಿ ಡಾಂಬರಿನ ‘ಎ’ ಮಾದರಿಯಾದರೆ ಮರುದಿನದವರೆಗೆ ರಸ್ತೆ ಬಂದ್ ಇರಬೇಕು. ಅನಿವಾರ್ಯವಾಗಿ ತೆರೆದರೆ ವೇಗ ಗಂಟೆಗೆ 16 ಕಿ.ಮೀ. ದಾಟಬಾರದು. ಮರುದಿನ ಬೂಟಿನಿಂದ ಉಜ್ಜಿದಾಗ ಖಡಿ ಕದಲಿದರೆ ಸಡಿಲಾದದ್ದನ್ನೆಲ್ಲ ಗುಡಿಸಿ ತೆಗೆದು, ಅಷ್ಟು ಭಾಗಕ್ಕೆ ಒಣ ಖಡಿಯಿಂದ ಮತ್ತೆ ಸೀಲ್ ಮಾಡಬೇಕು.