ಏಳುತ್ತಿರುವ ನೆಲದ ಮೇಲೊಂದು ದೇಶ: ಫಿನ್ಲೆಂಡ್

ಫಿನ್ಲೆಂಡಿನ ಪಶ್ಚಿಮ ಕರಾವಳಿಯ ವಾಸಾ ಎಂಬ ಊರು 1606ರಲ್ಲಿ ಬಂದರು ಪಟ್ಟಣವಾಗಿ ಹುಟ್ಟಿತು. ಇನ್ನೂರೈವತ್ತು ವರ್ಷ ತುಂಬುವ ಹೊತ್ತಿಗೆ ಅದರ ಬಂದರಿಗೆ ಹಡಗು ಬರುವುದೇ ದುಸ್ತರವಾಗಿತ್ತು. ಸಮುದ್ರ ವರ್ಷದಿಂದ ವರ್ಷಕ್ಕೆ ಆಳ ಕಳೆದುಕೊಂಡು ಹಿಂದೆ ಸರಿಯುತ್ತಿತ್ತು. 1852ರಲ್ಲಿ ಬೆಂಕಿ ಬಿದ್ದು ಪಟ್ಟಣದ ಬಹುಭಾಗ ಭಸ್ಮವಾದಾಗ ಅಲ್ಲಿನವರು ಹಳೆಯ ಜಾಗದಲ್ಲೇ ಮನೆ ಕಟ್ಟಿಕೊಳ್ಳುವ ಬದಲು ಸಮುದ್ರವನ್ನು ಹಿಂಬಾಲಿಸಿದರು. ಸುಮಾರು ಏಳು ಕಿಲೋಮೀಟರ್ ದೂರದಲ್ಲಿ, ಸಮುದ್ರದ ಅಂಚಿನಲ್ಲಿ, 1862ರಲ್ಲಿ ಹೊಸ ವಾಸಾ ತಲೆಯೆತ್ತಿತು. ಹಳೆಯ ವಾಸಾದಲ್ಲಿ ಇಂದು ಸುಟ್ಟ ಚರ್ಚಿನ ಗೋಡೆಗಳು ನಿಂತಿವೆ. ಬೆಂಕಿಯಿಂದ ಉಳಿದುಕೊಂಡ ನ್ಯಾಯಾಲಯದ ಕಟ್ಟಡ ಆಮೇಲೆ ಚರ್ಚಾಗಿ ಬಳಕೆಗೆ ಬಂತು. ಇದು ಒಂದೇ ಊರಿನ ಕಥೆಯಲ್ಲ. ಇನ್ನೂ ದಕ್ಷಿಣಕ್ಕಿರುವ ಪೋರಿ ಪಟ್ಟಣವನ್ನು 1558ರಲ್ಲಿ ಸ್ಥಾಪಿಸಿದ್ದೂ, ಅದಕ್ಕಿಂತ ಹಳೆಯದಾದ ಉಲ್ವಿಲಾ ಎಂಬ ವ್ಯಾಪಾರದ ಊರಿಗೆ ಹಡಗುಗಳು ಬರಲಾಗದೆ ಹೋದದ್ದರಿಂದಲೇ.

ಭೂಗೋಳ, ಜನ, ಆಡಳಿತ ಎಂದು ಮೂರು ಅಧ್ಯಾಯ ಮಾಡಿ ಒಂದು ದೇಶವನ್ನು ಪರಿಚಯಿಸುವುದು ವಾಡಿಕೆ. ಫಿನ್ಲೆಂಡಿನ ಮಟ್ಟಿಗೆ ಹಾಗೆ ಬಿಡಿಸಿಟ್ಟರೆ ಮುಖ್ಯವಾದದ್ದೇ ಕೈತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಸುಮಾರು 3,38,000 ಚದರ ಕಿಲೋಮೀಟರ್ ವಿಸ್ತಾರದ, 56 ಲಕ್ಷದಷ್ಟು ಜನರಿರುವ ಈ ದೇಶದ ನೆಲ ಇಂದಿಗೂ ಮೇಲೇಳುತ್ತಿದೆ. ಅಲ್ಲಿನ ಪಟ್ಟಣಗಳು, ಆಸ್ತಿಯ ಕಾನೂನು, ಗಡಿರೇಖೆ ಎಲ್ಲವೂ ಆ ಚಲನೆಗೆ ಹೊಂದಿಕೊಂಡು ರೂಪುಗೊಂಡಿವೆ.

ನೀರು ಇಳಿಯುತ್ತಿದೆಯೋ ನೆಲ ಏಳುತ್ತಿದೆಯೋ ಎಂಬುದು ಬಹುಕಾಲ ಇತ್ಯರ್ಥವಾಗಿರಲಿಲ್ಲ. ಫಿನ್ಲೆಂಡ್ ಸ್ವೀಡನ್ನಿನ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ತಾಪಮಾನದ ಅಳತೆಗೆ ಹೆಸರು ಕೊಟ್ಟ ಆಂಡರ್ಸ್ ಸೆಲ್ಸಿಯಸ್ 1731ರಲ್ಲಿ ಎರಡು ದೇಶಗಳ ನಡುವಿನ ಬೊಥ್ನಿಯಾ ಕೊಲ್ಲಿಯ ಸ್ವೀಡನ್ ದಡದ ಲೋವ್‌ಗ್ರುಂಡ್ ಎಂಬಲ್ಲಿ ಬಂಡೆಯೊಂದರ ಮೇಲೆ ನೀರಿನ ಮಟ್ಟವನ್ನು ಕೆತ್ತಿಸಿದ. ಆ ಕರಾವಳಿಯಲ್ಲಿ ಸೀಲ್ ಪ್ರಾಣಿಗಳು ಬಂದು ಮಲಗುವ ಬಂಡೆಗಳಿಗೆ ಬೇಟೆಯ ಕಾರಣದಿಂದ ಬೆಲೆಯಿತ್ತು. ಬಂಡೆ ನೀರಿನಿಂದ ಎತ್ತರಕ್ಕೆ ಬಂದರೆ ಸೀಲ್ ಹತ್ತಲಾರದು, ಬಂಡೆಯ ಬೆಲೆಯೂ ಬಿದ್ದುಹೋಗುತ್ತದೆ. ಹೀಗಾಗಿ ಬೇಟೆಗಾರರ ಲೆಕ್ಕಪತ್ರಗಳು ವಿಜ್ಞಾನಿಗೆ ಸಾಕ್ಷ್ಯವಾಗಿ ಒದಗಿದವು. ಸೆಲ್ಸಿಯಸ್ ಮಾತ್ರ ಕಡಿಮೆಯಾಗುತ್ತಿರುವುದು ಸಮುದ್ರವೆಂದೇ ತಿಳಿದಿದ್ದ. ಫಿನ್ಲೆಂಡಿನ ತುರ್ಕು ನಗರದ ಬಿಷಪ್ ಯೋಹಾನೆಸ್ ಬ್ರೊವಾಲಿಯಸ್ 1755ರಲ್ಲಿ ಪುಸ್ತಕವನ್ನೇ ಬರೆದು ಈ ವಾದವನ್ನು ವಿರೋಧಿಸಿದ. ಹತ್ತು ವರ್ಷಗಳ ಬಳಿಕ ಮೋಜಣಿದಾರ ಎಫ್ರಾಯಿಮ್ ರೂನೆಬರ್ಗ್ ಚಲಿಸುತ್ತಿರುವುದು ನೆಲವೇ ಇರಬೇಕೆಂದು ಸೂಚಿಸಿದ. ಅದಕ್ಕೆ ಕಾರಣ ಕರಗಿಹೋದ ಹಿಮದ ಭಾರ ಎಂಬ ವಿವರಣೆ ಸಿಗಲು ಇನ್ನೂ ನೂರು ವರ್ಷ ಬೇಕಾಯಿತು. ಸ್ಕಾಟ್ಲೆಂಡಿನ ಥಾಮಸ್ ಜೇಮಿಸನ್ ಅದನ್ನು ಮುಂದಿಟ್ಟದ್ದು 1865ರಲ್ಲಿ.

ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಉತ್ತರ ಯುರೋಪಿನ ಮೇಲೆ ಎರಡು-ಮೂರು ಕಿಲೋಮೀಟರ್ ದಪ್ಪದ ಹಿಮದ ಹಾಸು ಕೂತಿತ್ತು. ಭೂಮಿಯ ಹೊರತೊಗಟೆಯ ಕೆಳಗಿರುವ ಶಿಲಾಪದರ ಘನವೇ ಆದರೂ ಸಾವಿರಾರು ವರ್ಷಗಳ ಒತ್ತಡಕ್ಕೆ ನಿಧಾನವಾಗಿ ಹರಿಯುವ ಗುಣ ಅದಕ್ಕಿದೆ. ಹಿಮದ ಭಾರಕ್ಕೆ ತೊಗಟೆ ನೂರಾರು ಮೀಟರ್ ಕುಸಿದಾಗ ಕೆಳಗಿನ ಶಿಲೆ ಸುತ್ತಲಿಗೆ ಜಾರಿತು. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಹಿಮ ಕರಗಿತು, ಭಾರ ಇಳಿಯಿತು. ಆದರೆ ಜಾರಿಹೋದ ಶಿಲೆ ಮರಳಿ ಬರಲು ಆತುರಪಡುವುದಿಲ್ಲ. ಬಹಳ ಹೊತ್ತು ಕೂತವರು ಎದ್ದುಹೋದ ಮೇಲೆ ಹತ್ತಿಯ ಹಾಸಿಗೆ ಮೆಲ್ಲಗೆ ಉಬ್ಬುವಂತೆ ನೆಲ ಇನ್ನೂ ಉಬ್ಬುತ್ತಲೇ ಇದೆ. ಬೊಥ್ನಿಯಾ ಕೊಲ್ಲಿಯ ಉತ್ತರ ಭಾಗದಲ್ಲಿ ಈ ಏರಿಕೆ ವರ್ಷಕ್ಕೆ ಸುಮಾರು 9 ಮಿಲಿಮೀಟರ್; ದಕ್ಷಿಣದ ಹೆಲ್ಸಿಂಕಿಯಲ್ಲಿ 3ರಿಂದ 4 ಮಿಲಿಮೀಟರ್. ಮಿಲಿಮೀಟರ್ ಎಂದರೆ ಅಲ್ಪವೆನಿಸಬಹುದು. ಆದರೆ ಕರಾವಳಿ ಸಮತಟ್ಟಾಗಿರುವುದರಿಂದ ಫಿನ್ಲೆಂಡಿಗೆ ವರ್ಷಕ್ಕೆ ಏಳು ಚದರ ಕಿಲೋಮೀಟರಿನಷ್ಟು ಹೊಸ ನೆಲ ಸೇರುತ್ತದೆ.

ಹೀಗೆ ಮೇಲೇಳುತ್ತಿರುವ ಬಂಡೆಯ ವಯಸ್ಸೂ ಗಮನಾರ್ಹ. ಉತ್ತರ ಫಿನ್ಲೆಂಡಿನ ಸಿಯುರುವಾ ಎಂಬಲ್ಲಿನ, ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆಗೆ ಸುಮಾರು 350 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಇಂಥದೇ ಪುರಾತನ ಭೂಖಂಡದ ತುಣುಕು. ಆದರೆ ಇತ್ತೀಚಿನ ಹಿಮಯುಗದ ಹಿಮ ಅದರ ಮೇಲೆ ಕೂರಲಿಲ್ಲ. ಫಿನ್ಲೆಂಡಿನಲ್ಲಿ ಹಿಮ ಬಂಡೆಯನ್ನು ಉಜ್ಜಿ, ಕೊರೆದು, ಕಲ್ಲುಮಣ್ಣನ್ನು ದಿಬ್ಬಗಳಾಗಿ ಸುರಿದು ಹೋದದ್ದರಿಂದಲೇ ಅಲ್ಲಿ ಲೆಕ್ಕಕ್ಕೆ ಸಿಕ್ಕಿರುವ ಸರೋವರ, ಕೊಳಗಳ ಸಂಖ್ಯೆ 1,87,888.

ನೆಲ ಏಳುವುದನ್ನು ಹತ್ತಿರದಿಂದ ನೋಡಬೇಕೆಂದರೆ ವಾಸಾದ ಎದುರಿನ ಕ್ವಾರ್ಕೆನ್ ದ್ವೀಪಸ್ತೋಮಕ್ಕೆ ಹೋಗಬೇಕು. ಯುನೆಸ್ಕೊ 2006ರಲ್ಲಿ ಇದನ್ನು ಸ್ವೀಡನ್ನಿನ ಎತ್ತರದ ಕರಾವಳಿಯ ಜೊತೆಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎರಡು ದಡಗಳಲ್ಲೂ ನಡೆಯುತ್ತಿರುವುದು ಒಂದೇ ಕ್ರಿಯೆ, ಆದರೆ ಸ್ವೀಡನ್ನಿನ ಕಡೆ ಕಡಿದಾದ ಗುಡ್ಡಗಳು, ಫಿನ್ಲೆಂಡಿನ ಕಡೆ ನೀರಿನಿಂದ ಆಗತಾನೇ ಬೆನ್ನು ತೋರಿಸುತ್ತಿರುವ ತಗ್ಗು ದಿಬ್ಬಗಳ ಸಾಲು. ಹಿಮದ ಅಂಚು ಹಿಂದೆ ಸರಿಯುತ್ತ ಬಿಟ್ಟುಹೋದ ಕಲ್ಲುಮಣ್ಣಿನ ಈ ಏರಿಗಳು ಒಂದರ ಪಕ್ಕ ಒಂದು ಸಮಾನಾಂತರವಾಗಿ ಮಲಗಿವೆ. ಅವುಗಳ ನಡುವಿನ ಕೊಲ್ಲಿಯ ಬಾಯಿ ವರ್ಷಗಳು ಕಳೆದಂತೆ ಕಿರಿದಾಗುತ್ತದೆ. ಮೊದಲು ಅದು ಹೊಸ್ತಿಲುಳ್ಳ ಆಳವಿಲ್ಲದ ಮಡುವಾಗುತ್ತದೆ. ಆಮೇಲೆ ಬಿರುಗಾಳಿಯಲ್ಲಿ ಮಾತ್ರ ಸಮುದ್ರದ ನೀರು ಒಳಬರುವ ಕೊಳವಾಗುತ್ತದೆ. ಕೊನೆಗೆ ಸಿಹಿನೀರಿನ ಕೆರೆಯೋ ಜೌಗೋ ಆಗುತ್ತದೆ. ವಸಂತದಲ್ಲಿ ಈ ಮಡುಗಳ ನೀರು ಹೊರಗಿನ ಸಮುದ್ರಕ್ಕಿಂತ ಬೇಗ ಬೆಚ್ಚಗಾಗುವುದರಿಂದ ಪೈಕ್, ಪರ್ಚ್ ಮೀನುಗಳು ಮೊಟ್ಟೆಯಿಡಲು ಇಲ್ಲಿಗೇ ಬರುತ್ತವೆ. ಹೊಸದಾಗಿ ಎದ್ದ ದಡದಲ್ಲಿ ಮುಳ್ಳಿನ ಸೀಬಕ್‌ಥಾರ್ನ್ ಪೊದೆಯೂ ಆಲ್ಡರ್ ಮರವೂ ಮೊದಲು ಬೇರೂರುತ್ತವೆ. ಎರಡರ ಬೇರುಗಂಟುಗಳಲ್ಲೂ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಸೂಕ್ಷ್ಮಜೀವಿಗಳಿರುವುದರಿಂದ ಬರಿಗಲ್ಲಿನ ನೆಲದಲ್ಲೂ ಅವು ಬದುಕಬಲ್ಲವು. ಮೀನುಗಾರರಿಗೆ ಮಾತ್ರ ಇದು ತಲೆಮಾರಿನಿಂದ ತಲೆಮಾರಿಗೆ ಮುಗಿಯದ ದುಡಿಮೆ: ದೋಣಿ ಹೋಗುವ ದಾರಿಯನ್ನು ಅಗೆಯುತ್ತಿರಬೇಕು, ಇಲ್ಲವೇ ದೋಣಿಮನೆಯನ್ನು ನೀರಿನ ಹತ್ತಿರಕ್ಕೆ ಸರಿಸಬೇಕು.

ಎದ್ದ ನೆಲವೆಲ್ಲ ವರವೇ ಎನ್ನುವಂತಿಲ್ಲ. ಹಳೆಯ ಸಮುದ್ರತಳದ ಜೇಡಿಯಲ್ಲಿ ಗಂಧಕದ ಸಂಯುಕ್ತಗಳಿವೆ. ಹೊಲ ಮಾಡಲೆಂದು ಕಾಲುವೆ ತೋಡಿ ನೀರು ಬಸಿದಾಗ ಗಾಳಿ ತಾಗಿ ಅವು ಆಮ್ಲವಾಗುತ್ತವೆ. ಒಣ ಬೇಸಿಗೆಯ ಬೆನ್ನಿಗೆ ಮಳೆ ಬಂದರೆ ಆ ಆಮ್ಲ, ಅದು ಕರಗಿಸಿದ ಲೋಹಗಳ ಸಮೇತ ಹೊಳೆಗೆ ಇಳಿದು ಮೀನುಗಳನ್ನು ಕೊಲ್ಲುತ್ತದೆ. ಯುರೋಪಿನಲ್ಲಿ ಇಂಥ ಮಣ್ಣು ಅತಿ ಹೆಚ್ಚಾಗಿರುವುದು ಫಿನ್ಲೆಂಡಿನಲ್ಲೇ.

ನೆಲ ಎಲ್ಲ ಕಡೆ ಸಮನಾಗಿ ಏಳದೆ ವಾಯವ್ಯದಲ್ಲಿ ಹೆಚ್ಚು, ಆಗ್ನೇಯದಲ್ಲಿ ಕಡಿಮೆ ಏಳುವುದರಿಂದ ಇಡೀ ದೇಶ ನಿಧಾನವಾಗಿ ಓರೆಯಾಗುತ್ತಿದೆ. ಅತಿ ದೊಡ್ಡ ಸರೋವರವಾದ ಸಾಯಿಮಾದ ನೀರು ಒಂದು ಕಾಲಕ್ಕೆ ಪಶ್ಚಿಮಕ್ಕೆ ಹರಿದು ಬೊಥ್ನಿಯಾ ಕೊಲ್ಲಿ ಸೇರುತ್ತಿತ್ತು. ಓರೆ ಹೆಚ್ಚಿದಂತೆ ನೀರು ಆಗ್ನೇಯದ ದಡಕ್ಕೆ ಒತ್ತಿ ನಿಂತು, ಸುಮಾರು ಆರು ಸಾವಿರ ವರ್ಷಗಳ ಹಿಂದೆ ಹಿಮಯುಗದ ದಿಬ್ಬವನ್ನು ಒಡೆದು ವುವೋಕ್ಸಿ ನದಿಯಾಗಿ, ಇಂದು ರಷ್ಯಾದಲ್ಲಿರುವ ಲಾಡೋಗಾ ಸರೋವರದತ್ತ ನುಗ್ಗಿತು. ಅದೇ ನದಿಯ ಇಮಾತ್ರಾ ಜಲಪಾತದಲ್ಲಿ 1929ರಿಂದ ವಿದ್ಯುತ್ ಉತ್ಪಾದನೆ ನಡೆದಿದೆ. ನೀರು ಹೀಗೆ ದಿಕ್ಕು ಬದಲಿಸುವುದಕ್ಕೂ ಮೊದಲು, ನೆಲ ಎದ್ದು ಸಾಯಿಮಾ ಸಮುದ್ರದಿಂದ ಕಡಿದುಕೊಂಡಾಗ ಕೆಲವು ಸೀಲ್‌ಗಳು ಒಳಗೇ ಉಳಿದವು. ಅವುಗಳ ಸಂತತಿಯೇ ಇಂದಿನ ಸಾಯಿಮಾ ಸೀಲ್. ಪ್ರಪಂಚದ ಬೇರೆಲ್ಲೂ ಇಲ್ಲದ, ಕೆಲವೇ ನೂರು ಸಂಖ್ಯೆಯ ಸಿಹಿನೀರಿನ ಪ್ರಾಣಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ದಡದ ಹಿಮರಾಶಿಯೊಳಗೆ ಗೂಡು ತೋಡಿ ಅದು ಮರಿ ಹಾಕುತ್ತದೆ. ಹಿಮ ಸಾಲದ ವರ್ಷಗಳಲ್ಲಿ ಸ್ವಯಂಸೇವಕರು ಸಲಿಕೆ ಹಿಡಿದು ಹಿಮವನ್ನು ಗುಡ್ಡೆಹಾಕಿ ಕೊಡುತ್ತಾರೆ. ಅವರ ಈ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ.

ಸಮುದ್ರ ಬಿಟ್ಟುಕೊಟ್ಟ ನೆಲ ಯಾರದು? ದಡದ ಜಮೀನಿನವನದು ಎಂದೇ ತೋರುತ್ತದೆ. ಫಿನ್ಲೆಂಡಿನ ಕಾನೂನು ಹಾಗೆ ಹೇಳುವುದಿಲ್ಲ. ಹಳ್ಳಿಯ ಮುಂದಿನ ನೀರು ಸಾಮಾನ್ಯವಾಗಿ ಆ ಹಳ್ಳಿಯ ಜಮೀನುದಾರರೆಲ್ಲರ ಜಂಟಿ ಆಸ್ತಿ. ನೀರಿನ ತಳ ನೆಲವಾಗಿ ಮೇಲೆ ಬಂದರೂ ಅದು ಜಂಟಿ ಆಸ್ತಿಯಾಗಿಯೇ ಉಳಿಯುತ್ತದೆ. ತನ್ನ ಮನೆಗೂ ನೀರಿಗೂ ನಡುವೆ ಬೆಳೆದ ಪಟ್ಟಿ ಬೇಕೆನ್ನುವವನು ಸರ್ಕಾರಿ ಮೋಜಣಿ ಮಾಡಿಸಿ, ಬೆಲೆ ತೆತ್ತು ಪಡೆಯಬೇಕು. ಭೂಗರ್ಭದ ಚಲನೆಯೊಂದು ಹೀಗೆ ಮೋಜಣಿದಾರರ ನಿತ್ಯದ ಕೆಲಸವಾಗಿದೆ. ದೇಶದ ಎತ್ತರಗಳನ್ನೂ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಮತ್ತೆ ಅಳೆದು ಹೊಸ ಮಾನಕ್ಕೆ ಹೊಂದಿಸಬೇಕಾಯಿತು.

ಈ ಕರಾವಳಿಯಲ್ಲಿ ಬದುಕುವವರಲ್ಲಿ ಅನೇಕರ ಮನೆಮಾತು ಸ್ವೀಡಿಷ್. 1809ರಲ್ಲಿ ರಷ್ಯಾದ ಪಾಲಾಗುವವರೆಗೆ ಫಿನ್ಲೆಂಡ್ ಶತಮಾನಗಳ ಕಾಲ ಸ್ವೀಡನ್ನಿನ ಭಾಗವಾಗಿತ್ತು. ಇಂದು ಸ್ವೀಡಿಷ್ ಮಾತೃಭಾಷೆಯವರು ನೂರಕ್ಕೆ ಐವರಷ್ಟಿದ್ದರೂ ಅದು ಫಿನ್ನಿಷ್‌ಗೆ ಸಮನಾದ ರಾಷ್ಟ್ರಭಾಷೆ. ಒಂದು ಸ್ಥಳೀಯ ಸಂಸ್ಥೆಯ ವ್ಯಾಪ್ತಿಯಲ್ಲಿ ಅಲ್ಪಸಂಖ್ಯಾತ ಭಾಷೆಯವರು ಶೇಕಡಾ 8ರಷ್ಟು ಅಥವಾ 3,000 ಮಂದಿ ಇದ್ದರೆ ಅಲ್ಲಿನ ಆಡಳಿತ ಎರಡೂ ಭಾಷೆಗಳಲ್ಲಿ ನಡೆಯಬೇಕು. ನೈಋತ್ಯದ ಸ್ವೀಡಿಷ್ ಭಾಷಿಕ ಆಲಂಡ್ ದ್ವೀಪಗಳಿಗೆ 1921ರ ರಾಷ್ಟ್ರಸಂಘದ ತೀರ್ಮಾನದಂತೆ ಸ್ವಾಯತ್ತತೆಯೂ ಸ್ವಂತ ಶಾಸನಸಭೆಯೂ ಇವೆ. ಉತ್ತರದ ಮೂಲನಿವಾಸಿಗಳಾದ ಸಾಮಿ ಜನರಿಗೆ 1996ರಿಂದ ಭಾಷೆ ಮತ್ತು ಸಂಸ್ಕೃತಿಯ ವಿಷಯಗಳಲ್ಲಿ ಚುನಾಯಿತ ಪ್ರತಿನಿಧಿಸಭೆಯಿದೆ. ದೇಶದ ಸಂಸತ್ತು 200 ಸದಸ್ಯರ ಒಂದೇ ಸದನ. 1906ರ ಸುಧಾರಣೆ ಮಹಿಳೆಯರಿಗೆ ಮತ ಹಾಕುವ ಹಕ್ಕಿನೊಡನೆ ಸ್ಪರ್ಧಿಸುವ ಹಕ್ಕನ್ನೂ ಕೊಟ್ಟಿತು, ಮರುವರ್ಷವೇ 19 ಮಹಿಳೆಯರು ಆಯ್ಕೆಯಾದರು. ಸ್ವಾತಂತ್ರ್ಯ ಬಂದದ್ದು ಅದಕ್ಕೂ ಹತ್ತು ವರ್ಷದ ಮೇಲೆ, 1917ರ ಡಿಸೆಂಬರ್ 6ರಂದು.

ಆಲಂಡಿನ ಪಶ್ಚಿಮಕ್ಕೆ ಮಾರ್ಕೆಟ್ ಎಂಬ ಬರಡು ಬಂಡೆಯ ದ್ವೀಪವಿದೆ. ವಿಸ್ತೀರ್ಣ ಮೂರು ಹೆಕ್ಟೇರ್ ಮಾತ್ರ, ಅದರಲ್ಲಿ ಅರ್ಧ ಸ್ವೀಡನ್ನಿನದು. 1885ರಲ್ಲಿ ಫಿನ್ಲೆಂಡಿನ ಕಡೆಯವರು ಕಟ್ಟಿದ ದೀಪಸ್ತಂಭ ಸ್ವೀಡನ್ನಿನ ಪಾಲಿನ ಮೇಲೆ ನಿಂತುಬಿಟ್ಟಿತ್ತು. ಒಂದು ಶತಮಾನದ ನಂತರ, 1985ರಲ್ಲಿ, ಎರಡೂ ದೇಶಗಳು ಕೂತು ಗಡಿರೇಖೆಯನ್ನು ಅಂಕುಡೊಂಕಾಗಿ ತಿರುಗಿಸಿದವು: ದೀಪಸ್ತಂಭ ಫಿನ್ಲೆಂಡಿಗೆ ಬಂತು, ಎರಡು ಕಡೆಯ ವಿಸ್ತೀರ್ಣ ಸಮನಾಗಿ ಉಳಿಯಿತು, ಮೀನುಗಾರಿಕೆಯ ಹಕ್ಕು ಕದಲದಂತೆ ದಡದಲ್ಲಿ ಗಡಿ ಮುಟ್ಟುವ ಬಿಂದುಗಳು ಇದ್ದಲ್ಲೇ ಇದ್ದವು. ಎದ್ದು ನಿಲ್ಲುವ ಗಡಿಕಲ್ಲನ್ನು ತೇಲುಹಿಮ ಕಿತ್ತೊಯ್ಯುವುದರಿಂದ ಅಲ್ಲಿ ಬಂಡೆಗೆ ಕೊರೆದ ರಂಧ್ರಗಳೇ ಗಡಿಯ ಗುರುತು. ಈ ಎರಡು ದೇಶಗಳ ಗಡಿಯನ್ನು 25 ವರ್ಷಗಳಿಗೊಮ್ಮೆ ಜಂಟಿಯಾಗಿ ಪರಿಶೀಲಿಸುವ ಪದ್ಧತಿಯಿದೆ.

ಇದೇ ಪಶ್ಚಿಮ ಕರಾವಳಿಯ ಯೂರಾಯೋಕಿ ಎಂಬ ಪುಟ್ಟ ಆಡಳಿತ ಘಟಕಕ್ಕೆ ಸೇರಿದ ಓಲ್ಕಿಲುವೋಟೋ ದ್ವೀಪದಲ್ಲಿ, 430 ಮೀಟರ್ ಆಳದ ಬಂಡೆಯೊಳಗೆ, ಅಣುಸ್ಥಾವರಗಳ ಬಳಸಿದ ಇಂಧನವನ್ನು ಶಾಶ್ವತವಾಗಿ ಹುಗಿದಿಡುವ ಒಂಕಾಲೋ ಸುರಂಗಗಳಿವೆ. ಇಂಧನವನ್ನು ತಾಮ್ರದ ಕವಚದ ಡಬ್ಬಿಗಳಲ್ಲಿಟ್ಟು ಸುತ್ತಲೂ ನೀರು ಹೀರಿ ಉಬ್ಬುವ ಬೆಂಟೊನೈಟ್ ಜೇಡಿ ತುಂಬುವುದು ಯೋಜನೆ. ಇದರ ಸುರಕ್ಷತೆಯ ಲೆಕ್ಕ ಒಂದು ಲಕ್ಷ ವರ್ಷವನ್ನೂ ಮೀರಿ ಹೋಗುತ್ತದೆ. ಆ ಲೆಕ್ಕದಲ್ಲಿ ನೆಲದ ಏರಿಕೆ ಸೇರಿದೆ. ದ್ವೀಪ ಒಳನಾಡಾಗುವುದು, ಸುತ್ತಲಿನ ಕೊಲ್ಲಿಗಳು ಕೆರೆಗಳಾಗುವುದು, ಅಂತರ್ಜಲದ ಹಾದಿ ಬದಲಾಗುವುದು, ಮುಂದಿನ ಹಿಮಯುಗದ ಹಿಮ ಮತ್ತೆ ಬಂದು ಇದೇ ಬಂಡೆಯನ್ನು ಅದುಮುವುದು ಎಲ್ಲವೂ ಸೇರಿವೆ. 1987ರ ಪರಮಾಣು ಇಂಧನ ಕಾಯ್ದೆಯ ಪ್ರಕಾರ ಇಂಥ ಸ್ಥಾವರವನ್ನು ತನ್ನ ವ್ಯಾಪ್ತಿಯಲ್ಲಿ ಬೇಡವೆನ್ನುವ ಅಧಿಕಾರ ಸ್ಥಳೀಯ ಪರಿಷತ್ತಿಗಿದೆ. ಪರಿಷತ್ತು ಬೇಡವೆಂದರೆ ಸರ್ಕಾರ ಮುಂದುವರಿಯುವಂತಿಲ್ಲ. 2001ರ ಮೇ ತಿಂಗಳಲ್ಲಿ ಸಂಸತ್ತು 159-3 ಮತಗಳಿಂದ ಇದಕ್ಕೆ ಒಪ್ಪಿಗೆ ಕೊಟ್ಟದ್ದು, ಅದರ ಹಿಂದಿನ ವರ್ಷ ಯೂರಾಯೋಕಿಯ ಪರಿಷತ್ತು 20-7 ಮತಗಳಿಂದ ಸಮ್ಮತಿಸಿದ ಮೇಲೆಯೇ.